ಬೋರ್ಡಿನ ಹಲ್ಲಿಗೆ ಕುಂಕುಮ

ಹೊನ್ನಾವರದಲ್ಲಿ ಬಣ್ಣದ ಟಿ.ವಿ. ಇದ್ದ ಮನೆಯ ಮೆಟ್ಟಿಲ ಮೇಲೆ ಭಾನುವಾರ ಸಂಜೆ ಇಪ್ಪತ್ತು ಜೋಡಿ ಚಪ್ಪಲಿ ಇರುತ್ತಿದ್ದ ಕಾಲ. ಟಿ.ವಿ. ಕೆಟ್ಟರೆ ಆ ಮನೆಯವರಿಗಿಂತ ಮೊದಲು ಚಪ್ಪಲಿ ಬಿಟ್ಟವರೇ ನಮ್ಮ ಮನೆಗೆ ಓಡಿ ಬರುತ್ತಿದ್ದರು. ರಿಪೇರಿ ಮಾಡುವವನು ನನ್ನ ಮೋಹನ ಚಿಕ್ಕಪ್ಪ. ಪೇಟೆಯಲ್ಲಿ ಅವನದೊಂದು ಸಣ್ಣ ಅಂಗಡಿ ಇತ್ತು. ಆದರೆ ತಲೆ ತಿನ್ನುವ ಕೆಲಸಗಳನ್ನೆಲ್ಲ ಮನೆಗೆ ತಂದು ಜಗಲಿಯ ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದ. ಮೇಜಿನ ಎಡಗಡೆ ಒಂದು ಸ್ಟೂಲು. ಅದರ ಮೇಲೆ ನಾನು. ಟಾರ್ಚು ಹಿಡಿಯುವುದು, ಬಿಚ್ಚಿದ ಸ್ಕ್ರೂಗಳನ್ನು ಬಾಟಲಿ ಮುಚ್ಚಳದಲ್ಲಿ ಬೇರೆ ಬೇರೆ ಇಡುವುದು, ಡಬ್ಬಿಯ ಮೇಲಿನ ಇಂಗ್ಲಿಷ್ ಓದುವುದು ನನ್ನ ಕೆಲಸ. ಅವನು ಕಲಿತದ್ದು ಕನ್ನಡ ಶಾಲೆಯಲ್ಲಿ, ನಾನು ಸಿಸ್ಟರುಗಳ ಕಾನ್ವೆಂಟಿನಲ್ಲಿ.

"ಏ ಕಾನ್ವೆಂಟು, ಇದೆಂತ ಬರ್ದದ್ದು ನೋಡು" ಎಂದು ಅವನು ಕರೆದರೆ ಸಾಕು, ಅರ್ಧ ತಿಂದ ಬನ್ಸು ತಟ್ಟೆಯಲ್ಲೇ ಬಿಟ್ಟು ಓಡುತ್ತಿದ್ದೆ. ಬೆಸುಗೆಯ ಹೊಗೆಯ ವಾಸನೆ ನನಗೆ ಮಲ್ಲಿಗೆಗಿಂತ ಹೆಚ್ಚು ಇಷ್ಟವಾಗಿತ್ತು. ಸೀಸದ ಹನಿ ಕರಗಿ ಬೆಳ್ಳಿಯ ಹಾಗೆ ಹೊಳೆದು, ಆಮೇಲೆ ಥಟ್ಟನೆ ಮಂಕಾಗುವ ಆ ಕ್ಷಣವನ್ನು ಕಣ್ಣು ಮಿಟುಕಿಸದೆ ಕಾಯುತ್ತಿದ್ದೆ. ಸೀಸ ಕರಗಿಸಿ ಬೆಸೆಯುವ ಕಾವಿನ ಕಡ್ಡಿಯನ್ನು ಮಾತ್ರ ಅವನು ನನ್ನ ಕೈಗೆ ಕೊಡುತ್ತಿರಲಿಲ್ಲ. "ದೊಡ್ಡವಳಾಗು, ಆಮೇಲೆ ಕೊಡ್ತೆ" ಎನ್ನುತ್ತಿದ್ದ. ದೊಡ್ಡವಳಾಗಲು ನನಗಿದ್ದ ಕಾರಣ ಅದೊಂದೇ.

ನನಗೆ ಹನ್ನೊಂದು ತುಂಬಿದ ವರ್ಷ ಭಟ್ಕಳದ ಇಲಿಯಾಸ್ ಭಾಯ್ ತಮ್ಮ ವಿಡಿಯೋ ಗೇಮ್ ಅಂಗಡಿ ಮುಚ್ಚಿದರು. ಅವರ ಅಣ್ಣ ದುಬೈಯಿಂದ ಕಳಿಸಿದ್ದ ನಾಲ್ಕು ಯಂತ್ರಗಳು ಅಲ್ಲಿದ್ದವು. ಕಪಾಟಿನಷ್ಟು ಎತ್ತರದ ಮರದ ಪೆಟ್ಟಿಗೆ, ಮುಖದ ಮೇಲೆ ಪರದೆ, ಹೊಟ್ಟೆಯಲ್ಲಿ ನಾಣ್ಯ ಹಾಕುವ ಸೀಳು. ಅವುಗಳ ಪರದೆ ಕೆಟ್ಟಾಗಲೆಲ್ಲ ಚಿಕ್ಕಪ್ಪ ಬಸ್ಸು ಹಿಡಿದು ಹೋಗುತ್ತಿದ್ದ. ಎರಡು ಸಲ ನನ್ನನ್ನೂ ಕರೆದೊಯ್ದಿದ್ದ. ಹೆಣ್ಣುಮಕ್ಕಳು ಒಳಗೆ ಹೋಗುವ ಜಾಗ ಅದಲ್ಲ. ಅವನ ಚೀಲ ಹಿಡಿದು ಬಾಗಿಲಲ್ಲಿ ನಿಂತ ನನಗೆ ಆಟ ಕಂಡಿದ್ದಿಲ್ಲ, ಆಡುವ ಹುಡುಗರ ಮುಖದ ಮೇಲೆ ಓಡುವ ನೀಲಿ, ಕೆಂಪು ಬೆಳಕಷ್ಟೇ ಕಂಡಿತ್ತು.

"ಮೋಹನಣ್ಣ, ಪೆಟ್ಟಿಗೆಗೆಲ್ಲ ಗೆದ್ದಲು ಹತ್ತಿದೆ. ಬೋರ್ಡ್ ಮಾತ್ರ ಜೀವಂತ ಇದೆ. ಇಲ್ಲಿ ಸುಮ್ನೆ ಬಿದ್ರೆ ಉಪ್ಪು ಗಾಳಿ ತಿಂದು ಸಾಯ್ತದೆ. ನೀವು ತಗೊಂಡು ಹೋಗಿ, ಮಕ್ಕಳು ಆಡ್ಲಿ" ಎಂದು ಇಲಿಯಾಸ್ ಭಾಯ್ ಒಂದು ಬೋರ್ಡನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟರಂತೆ. ಜತೆಗೆ ಆಟದ ಹಿಡಿಕೆ, ನಾಲ್ಕು ಗುಂಡಿ, ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ.

ಟವೆಲು ಬಿಚ್ಚಿದಾಗ ಕಂಡದ್ದು ಬಾಳೆಲೆಯ ತುಂಡಿನಷ್ಟು ದೊಡ್ಡ ಹಸಿರು ಹಲಗೆ. ಮೈತುಂಬ ಕರಿ ಜೀರುಂಡೆಯಂಥ ಚಿಪ್ಪುಗಳು. ಒಂದು ಅಂಚಿನಲ್ಲಿ ಮಾತ್ರ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು, ಮೇಲೆ ಇಪ್ಪತ್ತೆಂಟು, ಕೆಳಗೆ ಇಪ್ಪತ್ತೆಂಟು. ಆಟವೆಲ್ಲ ಈ ಹಲಗೆಯಲ್ಲೇ ಇದೆ, ಪೆಟ್ಟಿಗೆ ಬರೀ ವೇಷ ಎಂದು ಚಿಕ್ಕಪ್ಪ ಹೇಳಿದ. ಯಾವ ಹಲ್ಲಿಗೆ ಯಾವ ತಂತಿ ಕೊಡಬೇಕು ಎಂಬುದು ಆ ಕಾಗದದಲ್ಲಿತ್ತು. ನಾನು ಓದಿದೆ, ಹಲ್ಲಿನ ಸಾಲಿಗೆ ಸಿಕ್ಕಿಸಿ ತೆಗೆಯಬಹುದಾದ ಒಂದು ಪಟ್ಟಿಗೆ ಅವನು ತಂತಿಗಳನ್ನು ಬೆಸೆದ. ಯಾರದೋ ಕಚೇರಿಯ ಕೆಟ್ಟ ಕಂಪ್ಯೂಟರಿನ ಕರೆಂಟಿನ ಡಬ್ಬಿ ಬಂತು. ಒಂದು ಹಳೆಯ ಟಿ.ವಿ.ಯ ಬೆನ್ನು ತೆರೆದು ಕೆಂಪು, ಹಸಿರು, ನೀಲಿ ಮೂರು ತಂತಿ ನೇರ ಒಳಗೆ ಹೋದವು. ಮಾವಿನಹಣ್ಣಿನ ಪೆಟ್ಟಿಗೆಯ ಹಲಗೆಗೆ ತೂತು ಕೊರೆದು ಹಿಡಿಕೆ, ಗುಂಡಿ ಕೂರಿಸಿದ. ನಾಣ್ಯದ ಸೀಳಿನ ಬದಲು ಬಾಗಿಲ ಗಂಟೆಯ ಒಂದು ಸ್ವಿಚ್ಚು.

"ಇದನ್ನ ಒತ್ತಿದ್ರೆ ಅದಕ್ಕೆ ನಾಣ್ಯ ಬಿದ್ದ ಹಾಗೆ. ದೊಡ್ಡ ಬೋರ್ಡಾದ್ರೆ ಎಂತ ಆತು, ನಂಬೂದ್ರಲ್ಲಿ ನಿನ್ನ ಅಜ್ಜಿ ಹಾಗೇ" ಎಂದು ನಕ್ಕ.

ಆಮೇಲೆ ನಗು ಬಿಟ್ಟು ಹಲ್ಲಿನ ಸಾಲಿನ ಮೇಲೆ ಉಗುರು ಓಡಿಸಿ ಹೇಳಿದ: "ಸುಮಿ, ಇದೊಂದು ನೆನಪಿಡು. ಈ ಹಲ್ಲಿಗೆ ಹಸಿ ತಾಗಬಾರ್ದು. ಒಂದು ಹನಿ ತಾಗ್ರೂ ಈ ಹಲ್ಲಿನ ಕರೆಂಟು ಪಕ್ಕದ ಹಲ್ಲಿಗೆ ಹಾರ್ತದೆ. ಬೋರ್ಡು ಹೋದ್ರೆ ಹೋತು, ಮತ್ತೆ ಸಿಗೂದಿಲ್ಲ." ಆಗ ಜಗಲಿಯಲ್ಲಿ ಇದ್ದದ್ದು ನಾವಿಬ್ಬರೇ.

ದಸರಾ ರಜೆ ಶುರುವಾದ ದಿನ ಕುಮಟೆಯಿಂದ ವೀಣಾ ಬಂದಳು. ನನ್ನ ಅತ್ತೆಯ ಮಗಳು, ನನಗಿಂತ ಒಂದು ವರ್ಷಕ್ಕೆ ಸಣ್ಣವಳು. ಪ್ರತಿ ವರ್ಷವೂ ಬರುತ್ತಿದ್ದಳು, ಪ್ರತಿ ವರ್ಷವೂ ನಾವು ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ಆ ಸಲ ಮಾತ್ರ ಅವಳು ಚಪ್ಪಲಿ ಬಿಚ್ಚಿದವಳೇ "ಮಾವಾ, ಇದೆಂತ?" ಎಂದು ನೇರ ಮೇಜಿಗೆ ಹೋದಳು.

ಅಂದಿನ ತನಕ ಟಿ.ವಿ.ಯಲ್ಲಿ ಕೆಂಪು ಬಣ್ಣ ಮೂಡಿರಲಿಲ್ಲ. ಆಟದ ವಿಮಾನ ನೀಲಿ, ಸಿಡಿದ ಬೆಂಕಿಯೂ ನೀಲಿ. ಎರಡು ದಿನದಿಂದ ನಾನೂ ಚಿಕ್ಕಪ್ಪನೂ ಕಾಗದ ಓದಿ ಓದಿ ಸೋತಿದ್ದೆವು. ವೀಣಾ ಕಾಗದ ಓದಲೇ ಇಲ್ಲ. ಬಗ್ಗಿ, ತಂತಿಗಳ ನಡುವೆ ತನ್ನ ಸಪೂರ ಬೆರಳು ತೂರಿಸಿ, "ಇದು ಅಲ್ಲಾಡ್ತದೆ, ಮಾವ" ಎಂದಳು. ಬೆಸುಗೆ ಬಿಟ್ಟಿತ್ತು.

"ಅರೆ! ಕಣ್ಣಾ ಅದು ನಿಂದು, ಭೂತಕನ್ನಡಿಯಾ?" ಎಂದು ಚಿಕ್ಕಪ್ಪ ಅವಳ ಜಡೆ ಎಳೆದ.

ಮೊದಲ ದಿನ ಅವಳು ನಿಂತೇ ನೋಡಿದಳು. ಎರಡನೆಯ ದಿನ ಬಲಗಡೆಗೆ ಅಡುಗೆಮನೆಯ ದೊಡ್ಡ ಡಬ್ಬ ತಂದು, ಅದರ ಮೇಲೆ ಎರಡು ತಲೆದಿಂಬು ಇಟ್ಟು ಕೂತಳು. ಆಟದಲ್ಲಿ ನನ್ನ ವಿಮಾನ ಮೂರು ನಿಮಿಷವೂ ಬದುಕುತ್ತಿರಲಿಲ್ಲ. ಅವಳದು ಸಮುದ್ರ ದಾಟಿ, ಮರಳುಗಾಡು ದಾಟಿ, ನಾವ್ಯಾರೂ ನೋಡಿರದ ಹಿಮದ ಊರಿಗೆ ಹೋಗುತ್ತಿತ್ತು. ಕೇರಿಯ ಮಕ್ಕಳೆಲ್ಲ ಅವಳ ಹಿಂದೆ ನಿಂತರು. ಬನ್ಸಿನ ಗರಿಗರಿ ಅಂಚನ್ನು ಅಜ್ಜಿ ಅವಳಿಗೇ ಮುರಿದು ಕೊಡುತ್ತಿದ್ದಳು, "ಪಾಪ, ನಾಲ್ಕು ದಿನಕ್ಕೆ ಬಂದವ್ಳು" ಎಂದು. ಚಿಕ್ಕಪ್ಪ ದಿನಕ್ಕೆ ಎಷ್ಟು ಸಲ ನಕ್ಕ, ಅದರಲ್ಲಿ ಎಷ್ಟು ಅವಳ ಮಾತಿಗೆ, ಎಷ್ಟು ನನ್ನ ಮಾತಿಗೆ ಎಂದು ನಾನು ಎಣಿಸತೊಡಗಿದ್ದೆ. "ಮಾವ" ಎಂಬ ಪದವೇ ನನಗೆ ಅಂಟಂಟಾಗಿ ಕೇಳಿಸುತ್ತಿತ್ತು. ಚಿಕ್ಕಪ್ಪ ಎನ್ನುವುದರಲ್ಲಿ ಆ ಮುದ್ದು ಎಲ್ಲಿಂದ ಬರಬೇಕು?

ಅಷ್ಟಮಿಯ ದಿನ ನಾನು ಸ್ನಾನ ಮುಗಿಸಿ ಜಗಲಿಗೆ ಬಂದಾಗ ಕಾವಿನ ಕಡ್ಡಿ ವೀಣಾಳ ಕೈಯಲ್ಲಿತ್ತು.

ಚಿಕ್ಕಪ್ಪ ತಂತಿ ಹಿಡಿದಿದ್ದ, ಅವಳು ಬೆಸೆಯುತ್ತಿದ್ದಳು. ನಾಲಿಗೆಯ ತುದಿ ಹೊರಗಿತ್ತು. ಸೀಸದ ಹನಿ ಕರಗಿ ಹೊಳೆಯಿತು.

"ಚಿಕ್ಕಪ್ಪಾ, ದೊಡ್ಡವಳಾದ ಮೇಲೆ ಕೊಡ್ತೆ ಹೇಳಿದ್ಯಲ್ಲ?" ಎಂದೆ.

"ಇವಳ ಕೈ ನಡುಗೂದಿಲ್ಲ, ಮಾರಾಯ್ತಿ. ನೀ ಟಾರ್ಚು ಹಿಡಿದ್ರೇ ಬೆಳಕು ದೋಣಿ ಹಾಂಗೆ ಓಲಾಡ್ತದೆ" ಎಂದ, ತಲೆ ಎತ್ತದೆ.

ತಮಾಷೆಗೇ ಹೇಳಿದ್ದು. ವೀಣಾಳೂ ನಕ್ಕಳು, ಕೆಟ್ಟದ್ದಾಗಿ ಅಲ್ಲ. ಆದರೆ ಆ ದಿನ ಊಟಕ್ಕೆ ಕೂತಾಗ ನನ್ನ ಕೈ ನಿಜವಾಗಿಯೂ ನಡುಗುತ್ತದೆಯೇ ಎಂದು ಅನ್ನದ ಮೇಲೆ ಹಿಡಿದು ನೋಡಿಕೊಂಡೆ.

ಮಾರನೆಯ ದಿನ ಆಯುಧಪೂಜೆ. ಚಿಕ್ಕಪ್ಪ ಅಂಗಡಿಯ ಪೂಜೆಗೆಂದು ಪೇಟೆಗೆ ಹೋದ. ಮನೆಯಲ್ಲಿ ಅಜ್ಜಿಯದೇ ಪೌರೋಹಿತ್ಯ. ಮಣೆಯ ಮೇಲೆ ಕತ್ತಿ, ಈಳಿಗೆಮಣೆ, ಇಕ್ಕಳ, ಸ್ಕ್ರೂಡ್ರೈವರು, ನನ್ನ ಕಂಪಾಸ್ ಪೆಟ್ಟಿಗೆ, ಜತೆಗೆ ತಂತಿಗಳಿಂದ ಬಿಡಿಸಿ ತಂದ ಆ ಬೋರ್ಡು. ಅಜ್ಜಿ ತೆಂಗಿನಕಾಯಿಯ ನೀರಿನಲ್ಲಿ ಕುಂಕುಮ ಕಲಸಿ ಬಟ್ಟಲನ್ನು ನಮ್ಮ ಮುಂದಿಟ್ಟಳು.

"ಹೆಣ್ಮಕ್ಕಳು ಹಚ್ಚಿ. ಒಂದನ್ನೂ ಬಿಡಬೇಡಿ, ಬಿಟ್ರೆ ಅದಕ್ಕೆ ಸಿಟ್ಟು ಬರ್ತದೆ."

ವೀಣಾ ಎಲ್ಲಕ್ಕಿಂತ ಮೊದಲು ಕಾವಿನ ಕಡ್ಡಿಯನ್ನು ಎತ್ತಿಕೊಂಡಳು. ಅದರ ಹಿಡಿಗೆ ಬೊಟ್ಟಿಟ್ಟು, ದಾಸವಾಳ ಸಿಕ್ಕಿಸಿ, ತನ್ನ ವಸ್ತುವಿಗೆ ಮಾಡುವ ಹಾಗೆ ಕಣ್ಣಿಗೊತ್ತಿಕೊಂಡಳು. ಆಮೇಲೆ ಅಜ್ಜಿಯ ಹಿಂದೆ ಹೂ ತರಲು ಹಿತ್ತಿಲಿಗೆ ಹೋದಳು.

ನಾನು ಬಟ್ಟಲಿಗೆ ಮೂರು ಬೆರಳು ಅದ್ದಿದೆ. ಬೋರ್ಡಿನ ಮೂಲೆಯಲ್ಲಿ ಖಾಲಿ ಜಾಗವಿತ್ತು, ಬೊಟ್ಟು ಅಲ್ಲಿ ಇಡಬಹುದಿತ್ತು. ನಾನು ಚಿನ್ನದ ಹಲ್ಲುಗಳ ಮೇಲೆ ಅಡ್ಡಕ್ಕೆ ಎಳೆದೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ತಿರುವಿ, ಕೆಳಗಿನ ಸಾಲಿಗೂ ಎಳೆದೆ. ಎಳೆಯುವಾಗ ಬಾಯಲ್ಲಿ ದೇವರ ಹೆಸರೂ ಹೇಳಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಲು ಇಷ್ಟು ವರ್ಷಗಳಲ್ಲಿ ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ಪೂಜೆಗೆ ಯಾರೂ ಬೈಯುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಪೂಜೆಯಾದ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಬೋರ್ಡು ಹೂವಿನ ಅಡಿಯಲ್ಲಿ ಮಲಗಿತ್ತು. ಪಂಚಕಜ್ಜಾಯ ತಿನ್ನುವಾಗಲೂ ನನಗೆ ಅದೇ ಕಡೆ ಕಣ್ಣು. ಒರೆಸಿಬಿಡಲು ಒಂದು ಇಡೀ ದಿನ ನನಗಿತ್ತು.

ವಿಜಯದಶಮಿಯ ಬೆಳಿಗ್ಗೆ ಅಜ್ಜಿ ಹೂ ತೆಗೆದು, ತುಳಸಿ ನೀರು ಚಿಮುಕಿಸಿ, "ಆತು, ಇನ್ನು ಮುಟ್ಟಿ" ಎಂದಳು. ಆರಿದ ಕುಂಕುಮ ಮತ್ತೆ ಹಸಿಯಾಯಿತು. ಮಧ್ಯಾಹ್ನದ ಬಸ್ಸಿಗೆ ವೀಣಾ ಹೊರಡುವವಳಿದ್ದಳು, ಅದಕ್ಕೆ ಮೊದಲು ಒಂದು ಆಟ ಬೇಕೆಂದು ಹಟ ಹಿಡಿದಿದ್ದಳು.

"ಬೋರ್ಡು ನಾನು ಸಿಕ್ಕಿಸ್ತೆ" ಎಂದೆ. ಹಲ್ಲುಗಳು ತಂತಿಯ ಪಟ್ಟಿಯೊಳಗೆ ಮರೆಯಾದವು.

ಚಿಕ್ಕಪ್ಪ ಸ್ವಿಚ್ಚು ಹಾಕಿದ. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಮಳೆಯಂತೆ ಸುರಿದವು. ಚಟ್ ಎಂದಿತು. ಸುಟ್ಟ ಕೂದಲಿನಂಥ ವಾಸನೆ ಬಂತು. ಪರದೆ ಕಪ್ಪಾಯಿತು.

"ಮಾವ, ನಾ ಮುಟ್ಲೇ ಇಲ್ಲ!" ವೀಣಾ ಎರಡೂ ಕೈ ಎತ್ತಿ ನಿಂತಿದ್ದಳು. "ಮೊನ್ನೆ ಗಟ್ಟಿ ಒತ್ತಿದ್ನಾ? ನಾನು ಬೆಸ್ದದ್ದೇ ತಪ್ಪಾಯ್ತಾ?" ಎನ್ನುತ್ತ ಅಳಲು ಶುರುಮಾಡಿದಳು.

ಚಿಕ್ಕಪ್ಪ ಪಟ್ಟಿ ಕಿತ್ತು ನೋಡಿದ. ಹಲ್ಲುಗಳೆಲ್ಲ ಕೆಂಪು. "ಇಲ್ಲಿ ಹಚ್ಚಿದ್ದು ಯಾರು?"

"ನಾನೇ ಹೇಳಿದ್ದು ಹಚ್ಚೂಕೆ" ಅಜ್ಜಿ ಒಳಗಿನಿಂದಲೇ ಗದರಿದಳು. "ಕುಂಕುಮ ಹಚ್ಚಿ ಯಾರ ಮನೆ ಹಾಳಾಗಿದೆ? ನಿನ್ನ ವಯರೇ ಸಮ ಇಲ್ಲ. ದೇವ್ರ ಮೇಲೆ ಹಾಕ್ಬೇಡ."

ಚಿಕ್ಕಪ್ಪ ನನ್ನನ್ನು ನೋಡಿದ.

"ಅಜ್ಜಿ ಎಲ್ಲದಕ್ಕೂ ಹಚ್ಚು ಅಂದ್ಳು" ಎಂದೆ. ಅದು ಸುಳ್ಳಲ್ಲ.

ಅವನು ನನ್ನ ಕಂಪಾಸ್ ಪೆಟ್ಟಿಗೆಯಿಂದ ರಬ್ಬರು ತೆಗೆದು ಒಂದೊಂದೇ ಹಲ್ಲನ್ನು ಉಜ್ಜಿದ, ಐವತ್ತಾರನ್ನೂ. ಮತ್ತೆ ಸಿಕ್ಕಿಸಿದ. ಕಪ್ಪು. ಇನ್ನೊಮ್ಮೆ. ಕಪ್ಪು. ಕೊನೆಗೆ ವೀಣಾಳ ತಲೆ ಸವರಿ, "ನಿಂದೆಂತ ತಪ್ಪಿಲ್ಲ, ಮಗಾ. ಹಳೇ ಬೋರ್ಡು" ಎಂದ. ನನ್ನ ರಬ್ಬರನ್ನು ನನಗೆ ವಾಪಸು ಕೊಟ್ಟ. ಅದರ ಒಂದು ಮಗ್ಗುಲು ಕೆಂಪಾಗಿತ್ತು.

ಅವನು ಬೈದಿದ್ದರೆ, ಒಂದು ಏಟು ಕೊಟ್ಟಿದ್ದರೂ, ಅಳು ಬಂದು ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅವನು ಹಾಗೆ ಮಾಡಲಿಲ್ಲ. ಪೇಟೆಯಿಂದ ಮೊದಲಿನ ಹಾಗೇ ಕಡಲೆ ತಂದುಕೊಡುತ್ತಿದ್ದ, ಮಾರ್ಕು ಕೇಳುತ್ತಿದ್ದ. ಮೇಜಿಗೆ ಮಾತ್ರ ಕರೆಯಲಿಲ್ಲ. ಒಂದು ದಿನ ಮೇಲಿನಿಂದ ಬಗ್ಗಿಸಬಹುದಾದ ದೀಪ ತಂದು ಮೇಜಿಗೆ ಬಿಗಿದ. ಸ್ಟೂಲಿನ ಮೇಲೆ ಯಾರದೋ ರೇಡಿಯೋ ಬಂದು ಕೂತಿತು. ನಾನಾಗಿ ಹತ್ತಿರ ಹೋದರೆ, "ಓದೂದು ಮುಗೀತಾ?" ಎಂದು ಕೇಳುತ್ತಿದ್ದ, ತುಂಬ ಮೆತ್ತಗೆ.

ಈಗ ನಾನು ಭಟ್ಕಳದಲ್ಲಿ ಮನೆವಾರ್ತೆ ನೋಡಿಕೊಂಡು ಇದ್ದೇನೆ. ವೀಣಾ ಕುಮಟೆಯಲ್ಲಿದ್ದಾಳೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳು ಮನೆಯ ಒಂದು ಕೋಣೆಯಲ್ಲಿ ಹಳೆಯ ಆಟದ ಬೋರ್ಡುಗಳನ್ನು ಆಡಿಸುವ ವ್ಯವಸ್ಥೆ ಮಾಡಿಕೊಂಡಿದ್ದಾಳೆ ಎಂದು ನನಗೆ ತಿಳಿದದ್ದು ಫೋನಿನಲ್ಲಿ ಬಂದ ಒಂದು ಫೋಟೋದಿಂದ. ಮುಂಬೈ, ಗೋವಾ ಎಲ್ಲಿಂದಲೋ ಅಸಲಿ ಬೋರ್ಡುಗಳನ್ನೇ ಹುಡುಕಿ ತರಿಸುತ್ತಾಳಂತೆ. ದಪ್ಪ ಗಾಜಿನ ಟಿ.ವಿ. ಪಕ್ಕದ ಕಾಗಾಲ ಊರಿನ ಯಾರದೋ ಅಟ್ಟದಲ್ಲಿ ಸಿಕ್ಕಿತಂತೆ. ಫೋಟೋದಲ್ಲಿ ನಾನು ಅದನ್ನೆಲ್ಲ ನೋಡಲಿಲ್ಲ. ಅವಳ ಪಕ್ಕದಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ ಚಿಕ್ಕಪ್ಪನನ್ನು ನೋಡಿದೆ. ಪ್ರತಿ ಗುರುವಾರ ಹೊನ್ನಾವರದಿಂದ ಬಸ್ಸಿನಲ್ಲಿ ಬರುತ್ತಾನಂತೆ. ಎಷ್ಟು ಗುರುವಾರಗಳಿಂದ ಎಂದು ನಾನು ಕೇಳಲಿಲ್ಲ. ನಲವತ್ತು ದಾಟಿದ ಹೆಂಗಸು ನಾನು, ಅಡುಗೆಮನೆಯಲ್ಲಿ ನಿಂತು ಹೊಟ್ಟೆಕಿಚ್ಚಿನಿಂದ ಒಗ್ಗರಣೆ ಸೀಯಿಸಿದೆ.

ಕಳೆದ ತಿಂಗಳು ಒಂದು ಗುರುವಾರ ಹೇಳದೆ ಹೋದೆ. ಹಳೆಯ ಕುಂಕುಮದ ಮಾತನ್ನು ಇವತ್ತಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ.

"ಅಯ್ಯೋ ಸುಮಿ! ಬಾರೇ, ಇಲ್ಲಿ ಕೂತ್ಕೋ" ಎಂದು ವೀಣಾ ಚಿಕ್ಕಪ್ಪನ ಪಕ್ಕದ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು ಚಹಾ ಮಾಡಲು ಹೋದಳು. ನಾನು ಕೂತೆ. ಬಾಯಿ ತೆರೆದೆ.

ಅಷ್ಟರಲ್ಲಿ ಚಿಕ್ಕಪ್ಪ ಬೋರ್ಡಿನ ಕಡೆ ಕೈ ತೋರಿಸಿ ಶುರುಮಾಡಿದ. "ಇದು ನೋಡು ಸುಮಾ, ಆಟದ ಬೋರ್ಡು ಹೇಳೂದು ಇದಕ್ಕೆ. ಆಟ ಎಲ್ಲ ಇದ್ರಲ್ಲೇ ಇರ್ತದೆ. ಇಲ್ಲಿ ಹಲ್ಲು ಹಾಂಗೆ ಕಾಣ್ತದಲ್ಲ, ಅದಕ್ಕೆ ತಂತಿ ಕೊಡೂದು. ನಾವು ಮುಂಚೆ ಒಂದು ಮಾಡಿದ್ವು, ವೀಣಾ ಮತ್ತೆ ನಾನು. ನಿಂಗೆ ಇದೆಲ್ಲ ಬೇಜಾರು ಬರೂದಿಲ್ಲ ಅಲ್ದಾ?"

"ಇಲ್ಲ ಚಿಕ್ಕಪ್ಪ, ಹೇಳು" ಎಂದೆ. ಅವನ ಬಾಯಲ್ಲಿ ನಾನೀಗ ಸುಮಿ ಅಲ್ಲ, ಸುಮಾ.

ಅವನು ತಾಳ್ಮೆಯಿಂದ, ಒಂದೊಂದಾಗಿ, ಎಲ್ಲವನ್ನೂ ಹೇಳಿದ. ನಾನು ಮೊದಲ ಸಲ ಕೇಳುವವಳಂತೆ ಹೂಂಗುಟ್ಟಿದೆ. ಮನೆಗೆ ಬಂದ ನೆಂಟರಿಗಲ್ಲದೆ ಯಾರಿಗೂ ಯಾರೂ ಅಷ್ಟು ಬಿಡಿಸಿ ಹೇಳುವುದಿಲ್ಲ.