ನಾಲ್ಕು ಅಂಕದ ದನಿ

ಬೀರುವಿನ ಕೆಳಗೆ ಗುಡಿಸುವಾಗ ಒಂದು ಹಳೆಯ ಕ್ಯಾಸೆಟ್ ಸಿಕ್ಕಿತು. ಮೇಲೆ ಕೆಂಪು ಇಂಕಿನಲ್ಲಿ ‘ಚನ್ನಗಿರಿ, ಇಂಗ್ಲಿಷ್ ತರಬೇತಿ’ ಎಂದಿತ್ತು. ಕೈಬರಹ ನೋಡಿದ್ದೇ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ನಮ್ಮ ತರಬೇತಿ ಮೇಷ್ಟ್ರು...

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಸೊಕ್ಕೆ ಊರಿನ ಶಾಲೆಯಲ್ಲಿ ಹೊಸ ಟೀಚರ್. ಜಗಳೂರು, ನ್ಯಾಮತಿ ಕಡೆಯ ಇಪ್ಪತ್ತು ಜನರನ್ನು ಬೇಸಿಗೆ ರಜೆಯಲ್ಲಿ ಚನ್ನಗಿರಿಗೆ ಕರೆಸಿದ್ದರು. ಮೇಷ್ಟ್ರು ಹೊನ್ನಾಳಿಯವರು, ಎಲ್ಲೋ ದೊಡ್ಡ ಊರಲ್ಲಿ ಕಲಿತು, ಟೇಪ್ ರೆಕಾರ್ಡರ್ ಜೊತೆ ಲಂಡನ್ನಿನವರ ದನಿಯ ಕ್ಯಾಸೆಟ್ಟನ್ನೂ ಹೊತ್ತು ತಂದಿದ್ದರು. “ಇಂಗ್ಲಿಷ್ ಅಂದ್ರೆ ಇದೊಂದೇ ರೀ. ನಿಮ್ದೆಲ್ಲ ರಾಗಿ ಬೀಸಿದಂಗೆ ಐತೆ,” ಎನ್ನುವರು. ಕೊನೆಯ ದಿನ ಓದುವ ಪರೀಕ್ಷೆ. ಹತ್ತಕ್ಕೆ ಐದು ಬರದವರು ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವಂತಿಲ್ಲ. ನನಗೋ ಆ ಪಾಠವೆಂದರೆ ಪ್ರಾಣ. ವಾರವಿಡೀ ಅನ್ನ ಸೇರಲಿಲ್ಲ.

ಬೆಳಿಗ್ಗೆ ಎಲ್ಲರಿಂದ ಒಂದೇ ಪಾಠ ಓದಿಸಿ ರೆಕಾರ್ಡ್ ಮಾಡಿದರು. ನನ್ನ ಸರದಿ ಮುಗಿದಾಗ ಮಿಷನ್ ಕೆಟ್ಟಿತೇನೋ ಎಂದು ತಾವೇ ಆ ಪಾಠ ಓದಿ ನೋಡಿದರು. ಆ ದನಿಯೂ ಟೇಪಿನಲ್ಲಿ ಉಳಿದದ್ದನ್ನು ಆಮೇಲೆ ಮರೆತೇಬಿಟ್ಟರು. ಮಧ್ಯಾಹ್ನ, ಮುಖ ನೋಡಿ ಅಂಕ ಕೊಟ್ಟರು ಅನ್ನಿಸಿಕೊಳ್ಳಬಾರದೆಂದು ಗೋಡೆಗೆ ಮುಖ ಮಾಡಿ ಕೂತು ಒಂದೊಂದೇ ದನಿ ಕೇಳತೊಡಗಿದರು.

ನನ್ನ ದನಿಗೆ “ಮೂರು” ಎಂದರು. ಇಂಗ್ಲಿಷ್ ಪಾಠ ಕೈತಪ್ಪಿತು ಎಂದುಕೊಂಡೆ.

ಮುಂದಿನದು ಅವರದೇ ದನಿ! ಲಂಡನ್ ದನಿ ಕೇಳಿ ಕೇಳಿ ತಮ್ಮ ದನಿ ಹೆಂಗಿದೆಯೆಂದು ಆ ಪುಣ್ಯಾತ್ಮರು ಒಂದು ದಿನವೂ ಕೇಳಿರಲಿಲ್ಲ. “ಇದ್ಯಾರಪ್ಪಾ, ಪೂರಾ ಹೊನ್ನಾಳಿ ಸಂತೆ! ನಾಲ್ಕು. ಇವರಿಗೆ ಇಂಗ್ಲಿಷ್ ಕೊಡಬ್ಯಾಡ್ರಿ.”

ನಾವು ಸೆರಗು, ಕರ್ಚೀಫು ಬಾಯಿಗೆ ತುರುಕಿಕೊಂಡೆವು. ಅಷ್ಟರಲ್ಲಿ ಟೇಪು ಕನ್ನಡದಲ್ಲಿ ಗದರಿತು: “ಯಾರ್ರೀ ಅದು ಕೆಮ್ಮಾದು? ಮಿಷನ್ ಸರಿ ಐತಾ ನೋಡಾಕೆ ಬಿಡ್ರಿ!”

ಮೇಷ್ಟ್ರು ಮೆಲ್ಲಗೆ ತಿರುಗಿದರು. ಕಿವಿಯೆಲ್ಲ ಕೆಂಪು. ನ್ಯಾಮತಿಯ ಹಿರಿಯ ಮೇಷ್ಟ್ರೊಬ್ಬರು, “ಇರ್ಲಿ ಬಿಡ್ರಿ ಸರ್, ನೀವು ಓದಿದ್ದು ನಮಗೆಲ್ಲ ತಿಳೀತು,” ಎಂದರು.

“ನನಗಿಂತ ಮುಂಚೆ ಈ ಟೀಚರ್ ಓದಿದ್ದೂ ನನಗೆ ತಿಳೀತಲ್ರೀ,” ಎಂದು ನನ್ನ ಕಡೆ ನೋಡಿದರು. “ತಿಳಿದ ಮ್ಯಾಲೆ ಮೂರು ಯಾಕೆ ಕೊಟ್ಟೆ ನಾನು?”

ಪಟ್ಟಿಯಲ್ಲಿ ನಮ್ಮೆಲ್ಲರ ಅಂಕ ಹೊಡೆದುಹಾಕಿ ‘ಪಾಸು’ ಎಂದು ಬರೆದರು. ಕೊನೆಗೆ ತಮ್ಮ ಹೆಸರು ಸೇರಿಸಿ, ಮುಂದೆ ನಾಲ್ಕು ಹಾಕಿಕೊಂಡರು. ಅದನ್ನು ಮಾತ್ರ ಎಷ್ಟು ಹೇಳಿದರೂ ತಿದ್ದಲಿಲ್ಲ. ಹೊರಡುವಾಗ ನಮ್ಮೆಲ್ಲರ ದನಿಯಿದ್ದ ಆ ಕ್ಯಾಸೆಟ್ ನನ್ನ ಕೈಗಿಟ್ಟು, “ಇಟ್ಕಳ್ರಿ ಟೀಚರ್. ಮಕ್ಕಳಿಗೆ ಮೂರು ಕೊಡಾಕೆ ಕೈ ಹೋದಾಗ ಒಂದ್ಸಲ ಕೇಳ್ರಿ,” ಎಂದರು.

ಕೇಳಿದೆ, ಎಷ್ಟೋ ಸಲ. ನಿವೃತ್ತಿಯವರೆಗೂ ಇಂಗ್ಲಿಷ್ ಕಲಿಸಿದೆ. ಮೇಷ್ಟ್ರಿಗೆ ಮಾತ್ರ ಒಂದೂ ಕಾಗದ ಬರೆಯಲಿಲ್ಲ... ಅವರು ಹೋಗಿಯೇ ವರ್ಷಗಳಾದವು.

ಇವತ್ತು ಹಾಕಿ ನೋಡೋಣವೆಂದರೆ ಟೇಪಿಗೆ ಬೂಷ್ಟು ಹಿಡಿದಿದೆ. ಲಂಡನ್ ದನಿ ಈಗ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆ ನಾಲ್ಕು ಅಂಕದ ದನಿಯನ್ನು ಎಲ್ಲಿಂದ ತರಲಿ?