ಶಾಲೆಗೆ ಹತ್ತಿರದ ಮನೆ

ಕಳೆದ ವಾರ ಇಲ್ಲಿ ಬಹರೈನಿನಲ್ಲಿ, ಮನಾಮಾದ ತರಕಾರಿ ಅಂಗಡಿಯಲ್ಲಿ ಅರಿಸಿನ ಎಲೆಯ ಕಟ್ಟು ಕಂಡಿತು. ನಾನು ಹೋದದ್ದು ಬೆಂಡೆಕಾಯಿಗೆ. ಆದರೂ ಒಂದು ಎಲೆಯ ತುದಿ ಮುರಿದು ಮೂಗಿಗೆ ಹಿಡಿದೆ... ಹಿಡಿಯಬಾರದಿತ್ತು. ಸನದ್‌ನಲ್ಲಿ ನಮ್ಮ ಕಟ್ಟಡದ ಕೆಳಗಿನ ಮನೆ, ಅಲ್ಲಿನ ಅಡುಗೆಮನೆಯ ಹಬೆ, ಎಲೆ ಬಿಡಿಸಿ ಬಿಸಿ ಕಡುಬನ್ನು ನನ್ನ ಮಗಳ ತಟ್ಟೆಗೆ ಹಾಕುತ್ತಿದ್ದ ಆ ಕೈ, ಎಲ್ಲ ಒಟ್ಟಿಗೆ ನೆನಪಾದವು. ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಹೊಸದೇನಲ್ಲ, ಅದು ನನಗೆ ಬಹಳ ವರ್ಷಗಳ ಪರಿಚಯ.

ಅವರನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಅವರ ಮನೆಮಾತು ಕೊಂಕಣಿ. ನಾನು ಕುಂದಾಪುರದವಳು, ತುಳು ಅರ್ಧಂಬರ್ಧ. ಹಾಗಾಗಿ ನಮ್ಮಿಬ್ಬರ ನಡುವೆ ನಡೆಯುತ್ತಿದ್ದುದು ಮಂಗಳೂರಿನ ಕನ್ನಡ.

ಅದಕ್ಕೂ ಮೊದಲು ನಾವಿದ್ದದ್ದು ಮನಾಮಾದ ಗುಫೂಲ್‌ನಲ್ಲಿ. ನಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ಅಲ್ಲಿಂದ ನಡೆದೇ ಹೋಗಬಹುದಿತ್ತು, ಸುತ್ತಮುತ್ತ ನಮ್ಮ ಊರಿನವರೇ. ಆದರೆ ಮಗಳಿಗೆ ಸೀಟು ಸಿಕ್ಕಿದ್ದು ಇಸಾ ಟೌನ್ ಕಡೆಯ ಒಳ್ಳೆಯ ಶಾಲೆಯಲ್ಲಿ. ಎರಡನೇ ಕ್ಲಾಸಿನ ಮಗು ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಬೇಕು. ಬಸ್ಸಿನಲ್ಲಿ ವಾಂತಿ, ಕ್ಲಾಸಿನಲ್ಲಿ ನಿದ್ದೆ. ಟೀಚರು ಕರೆಸಿ ಹೇಳಿದ ಮೇಲೆ ಮನೆ ಬದಲಾಯಿಸುವ ಮಾತು ಶುರುವಾಯಿತು. ಗಂಡನಿಗೆ ಗುಫೂಲ್‌ಗೆ ಹತ್ತಿರದ ಮಾಹೂಝ್‌ನ ಒಂದು ಫ್ಲ್ಯಾಟಿನ ಮೇಲೆ ಮನಸ್ಸು. ಅಲ್ಲಿ ಲಿಫ್ಟ್ ಇತ್ತು, ಬಾಲ್ಕನಿ ಇತ್ತು. ನಾನು ಸನದ್ ಎಂದು ಹಟ ಹಿಡಿದೆ. "ಶಾಲೆ ಹತ್ರ ಆತ್ತ್, ಬಾಕಿ ಎಲ್ಲ ದೂರ ಆತ್ತಲ್ದಾ" ಎಂದು ಅವರು ಒಮ್ಮೆ ಹೇಳಿದರು. ಬಾಕಿ ಎಲ್ಲ ಎಂದರೆ ಏನೇನು ಎಂದು ಆಗ ನಾನು ಯೋಚಿಸಲಿಲ್ಲ.

ಸನದ್‌ನ ಮನೆ ತೋರಿಸಿದ ನಾತೂರ್, ಅಂದರೆ ಕಟ್ಟಡದ ಕಾವಲಿನವ, ಕೆಳಗಡೆ ನಿಮ್ಮ ಮಂಗಳೂರಿನವರೇ ಇದ್ದಾರೆ ಎಂದು ಹಿಂದಿಯಲ್ಲಿ ಹೇಳಿದ. ಅಷ್ಟು ಕೇಳಿದ್ದೇ ತಡ, ನಾನು ಒಪ್ಪಿಬಿಟ್ಟೆ. ನನ್ನ ಕೆಲಸ ಮುಗಿದು ಮನೆ ಸೇರುವಾಗ ಸಂಜೆಯಾಗುತ್ತದೆ, ಶಾಲೆ ಬಿಡುವುದು ಮಧ್ಯಾಹ್ನ. ನಡುವಿನ ಹೊತ್ತಿಗೆ ಮಗಳನ್ನು ಎಲ್ಲಿ ಬಿಡುವುದೆಂದು ಚಿಂತೆಯಲ್ಲಿದ್ದೆ. ಬಾಯಮ್ಮನ ಗಂಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು, ಗಂಡುಮಕ್ಕಳಿಬ್ಬರೂ ಊರಿನಲ್ಲಿ ಅಜ್ಜಿಯ ಜೊತೆ ಓದುತ್ತಿದ್ದರು. ಸಾಮಾನು ಇಳಿಸುವಾಗಲೇ ಬಾಯಮ್ಮ ಬಾಗಿಲಿಗೆ ಬಂದು, "ಮಗುವನ್ನು ಇಲ್ಲಿ ಬಿಡಿ, ನೀವು ನಿಧಾನ ಬನ್ನಿ" ಎಂದರು. ದೇವರೇ ಕಳಿಸಿದ ಹಾಗಾಯಿತು ಎಂದು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಮೊದಲ ತಿಂಗಳು ಏನೂ ಅನಿಸಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಬೆಳಿಗ್ಗೆ ನಾನು ಹೆಣೆದ ಜಡೆ ಶಾಲೆ ಬಿಡುವಾಗ ಬಿಚ್ಚಿರುತ್ತಿತ್ತು, ಬಾಯಮ್ಮ ಮಧ್ಯಾಹ್ನ ಹೆಣೆದದ್ದು ಮಲಗುವವರೆಗೂ ಅಲ್ಲಾಡುತ್ತಿರಲಿಲ್ಲ. ನಾನು ಎಷ್ಟು ಬೇಡಿದರೂ ಮೀನು ಮುಟ್ಟದ ಮಗಳು ಅವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಬಂಗುಡೆ ನೆಂಚಿಕೊಂಡು ಮುಳ್ಳು ಬಿಡಿಸುವುದನ್ನೂ ಕಲಿತಳು. ನಮ್ಮಲ್ಲಿ ಅದೇ ಬಂಗುಡೆ ಇಟ್ಟರೆ ಮೂಗು ಮುರಿಯುವುದು. ನಾನು ಏನು ಮಾಡಿದರೂ ಒಂದೇ ಮಾತು, "ಬಾಯಮ್ಮ ಹಾಗೆ ಮಾಡುದಲ್ಲ."

ಇದೆಲ್ಲ ಇರಲಿ ಎನ್ನೋಣ. ಭಾಷೆಯದ್ದು ಮಾತ್ರ ನನಗೆ ಇವತ್ತಿಗೂ ಉರಿಯುತ್ತದೆ. ಮಗಳು ನನ್ನ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು. ಬಾಯಮ್ಮ ಒಂದು ಉಪಾಯ ಮಾಡಿದರು. ತನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದುಬಿಟ್ಟರು. ಫೋನಿನಲ್ಲಿ ಕರೆಂಟಿನವರ ಜೊತೆ ಇಂಗ್ಲಿಷಿನಲ್ಲಿ ಜಗಳ ಮಾಡುತ್ತಿದ್ದವರು ಮಗುವಿನ ಎದುರು ವರ್ಷಗಟ್ಟಲೆ ಆ ನಾಟಕ ನಡೆಸಿದರು. ಹಸಿವಾದರೆ ಕನ್ನಡದಲ್ಲೇ ಕೇಳಬೇಕು, ಕೇಳಿದಳು. ಹೀಗೆ ನನ್ನ ಮಗಳು ತಾಯಿಭಾಷೆಯನ್ನು ಕೊಂಕಣಿಯವರ ಮನೆಯಲ್ಲಿ ಕಲಿತಳು. ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಎಂತ ಅಮ್ಮ, ಇವತ್ತು ಲೇಟಾ?" ಎಂದಳು. ಗಂಡ ಖುಷಿಯಿಂದ ನಕ್ಕರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅವಳಿಗೆ ಜ್ವರ ಬಂದಾಗ ನಾನು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದೆ. ಕಣ್ಣು ತೆರೆದು ನನ್ನನ್ನು ನೋಡಿ, "ಬಾಯಮ್ಮ ಎಲ್ಲಿ?" ಎಂದು ಕೇಳಿದಳು... ಹೆತ್ತವಳಿಗೆ ಅದು ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಆ ಸೆಪ್ಟೆಂಬರ್ ಬಂತು. ಬಾಯಮ್ಮನವರಿಗೆ ಅದು ತೆನೆ ಹಬ್ಬದ ಕಾಲ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯಿಂದ ನಾಲ್ಕು ಕಾಳು ಬಿಡಿಸಿ, ಪರದೇಶದಲ್ಲಿರುವ ಮನೆಯವರಿಗೂ ಕಳಿಸುತ್ತಾರೆ. ಅದನ್ನು ಪುಡಿ ಮಾಡಿ ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬೇಕು. ಮನೆಯವರು ಮಾತ್ರ. ನಮ್ಮ ಕಡೆಯೂ ಅದೇ, ನಾವು ಹೊಸ್ತು ಎನ್ನುತ್ತೇವೆ. ಕಿರಿಯರು ಹಿರಿಯರ ಮುಖ ನೋಡಿ "ಹೊಸ್ತು ಉಣ್ತೇನೆ" ಎಂದು ಹೇಳಿ, ಅವರು ಹೂಂ ಎಂದ ಮೇಲೆ ಬಾಯಿಗಿಡುವುದು. ಬಹರೈನಿಗೆ ಬಂದ ಮೇಲೆ ನಾನು ಅದನ್ನು ಮಾಡಿರಲಿಲ್ಲ. ಗದ್ದೆಯೇ ಇಲ್ಲದ ದೇಶದಲ್ಲಿ ಎಂತ ಹೊಸ್ತು ಎಂದು ಬಿಟ್ಟಿದ್ದೆ.

ಆ ಸಂಜೆ ಮಗಳನ್ನು ಕರೆದುಕೊಳ್ಳಲು ಕೆಳಗಿನ ಮನೆಗೆ ಹೋದರೆ, ಮೇಜಿನ ಮೇಲೆ ಹೂವು, ತರಕಾರಿ ಪದಾರ್ಥ, ಅರಿಸಿನ ಎಲೆಯ ಕಡುಬು. ಗಂಡಹೆಂಡತಿಯ ನಡುವೆ ನನ್ನ ಮಗಳು, ಹಬ್ಬದ ಫ್ರಾಕು ಹಾಕಿಕೊಂಡು. ಅವಳ ಎದುರಿನ ಬಟ್ಟಲಲ್ಲಿ ಪಾಯಸ. ನನ್ನ ಮಗಳ ಮೊದಲ ಹೊಸ್ತು, ಬೇರೆಯವರ ಮನೆಯ ಲೆಕ್ಕದಲ್ಲಿ.

"ಅದು ಮನೆಯವರಿಗೆ ಮಾತ್ರ ಅಲ್ವಾ ಬಾಯಮ್ಮ?" ಎಂದು ಕೇಳಿದೆ. ನನ್ನ ದನಿಯ ಒರಟು ನನಗೇ ಕೇಳಿಸಿತು.

"ಹೌದು, ಮನೆಯವರಿಗೆ ಮಾತ್ರ" ಎಂದರು ಅವರು. "ಅದಕ್ಕೇ ಅಲ್ವಾ ನಿಮಗೆ ಕಾಯ್ತಾ ಇದ್ದದ್ದು. ನಿಮ್ಮ ಯಜಮಾನರನ್ನೂ ಕರೀರಿ. ಬೇಗ ಕೈಕಾಲು ತೊಳ್ಕೊಂಡು ಬನ್ನಿ ಮಾರಾಯ್ತಿ, ಇವರಿಗೆ ಹಸಿವಾಗ್ತದೆ."

ಆಗ ನೋಡಿದೆ, ಇನ್ನೆರಡು ಬಟ್ಟಲು ಬೇರೆ ಇಟ್ಟಿದ್ದರು. ಯಾರೂ ಇನ್ನೂ ಬಾಯಿಗಿಟ್ಟಿರಲಿಲ್ಲ. ನೆಮ್ಮದಿಯಾಗಿ ಸಿಟ್ಟು ಮಾಡಲಿಕ್ಕೂ ಬಿಡಲಿಲ್ಲ ಆ ಹೆಂಗಸು. ಊಟಕ್ಕೆ ಕೂತೆವು. ಮಗಳು ಬಾಯಮ್ಮನ ಮುಖ ನೋಡಿ, "ಹೊಸ್ತು ಉಣ್ತೇನೆ" ಎಂದಳು. ನಮ್ಮ ಕಡೆಯ ಮಾತು, ನಾನು ಯಾವಾಗಲೋ ಬಾಯಮ್ಮನಿಗೆ ಹೇಳಿದ್ದೆನಂತೆ, ಅವರು ಅದನ್ನು ಅವಳಿಗೆ ಕಲಿಸಿದ್ದರು. ಪಾಯಸ ಬಹಳ ಚೆನ್ನಾಗಿತ್ತು, ನಾನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮರುವಾರವೇ ನಾನು ಮಾಹೂಝ್‌ಗೆ ಮನೆ ನೋಡಲು ಹೊರಟೆ. ಬಸ್ಸಿನಲ್ಲಿ ವಾಂತಿಯಾದರೂ ಪರವಾಗಿಲ್ಲ, ಮಗಳು ನನ್ನವಳಾಗಿ ಇದ್ದರೆ ಸಾಕು ಎಂಬಲ್ಲಿಗೆ ಬಂದಿದ್ದೆ. ಗಂಡ ಕಾರು ತೆಗೆದರು. ಮನೆ ಚೆನ್ನಾಗಿತ್ತು, ಕಿಟಕಿಗಳೆಲ್ಲ ದೊಡ್ಡವು. ಮಗಳು ಒಂದೊಂದೇ ಕೋಣೆ ತಿರುಗಿ ನೋಡಿ ಬಂದು, "ಬಾಯಮ್ಮನ ರೂಮ್ ಯಾವುದು?" ಎಂದು ಕೇಳಿದಳು. ಗಂಡ ಗೋಡೆಯ ಕಡೆ ತಿರುಗಿ ನಿಂತರು. ಮನೆ ಬದಲಾಯಿಸುವ ಸುದ್ದಿ ಅಲ್ಲಿಗೇ ಮುಗಿಯಿತು.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಬಾಯಮ್ಮನ ಗಂಡನ ಕೆಲಸ ಮುಗಿಯಿತು, ಅವರು ಮಂಗಳೂರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಮಗಳು ಅತ್ತ ಅಳು... ನಾನು ಊರಿಗೆ ಒಬ್ಬಳೇ ಹೋದಾಗಲೂ ಹಾಗೆ ಅತ್ತವಳಲ್ಲ. ಇನ್ನಾದರೂ ಸರಿಹೋದೀತು ಎಂದು ನನಗೆ ಒಳಗೊಳಗೇ ಸಮಾಧಾನ. ಎಲ್ಲಿಂದ? ಹನ್ನೆರಡನೇ ಕ್ಲಾಸು ಮುಗಿದದ್ದೇ ಕಾಲೇಜಿಗೆ ಮಂಗಳೂರೇ ಬೇಕು ಎಂದಳು. ಒಳ್ಳೆಯ ಕಾಲೇಜು ಎಂಬುದು ನೆಪ ಎಂದು ನನಗೆ ಗೊತ್ತಿತ್ತು. ಹಾಸ್ಟೆಲಿನಿಂದ ಪ್ರತಿ ಭಾನುವಾರ ಬಾಯಮ್ಮನ ಮನೆ. ಅವಳ ರಿಸಲ್ಟು ಮೊದಲು ಗೊತ್ತಾಗುವುದು ಅವರಿಗೆ. ನನಗೆ ಅವರೇ ಫೋನು ಮಾಡಿ, "ಹುಡುಗಿ ಪಾಸಾದಳು, ನಾನು ಹೇಳಿದೆ ಅಂತ ಹೇಳಬೇಡಿ" ಎನ್ನುತ್ತಿದ್ದರು. ಆ ಉಪಕಾರವೂ ನನಗೆ ಚುಚ್ಚುತ್ತಿತ್ತು.

ಮೂರು ತಿಂಗಳ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ ಮಗಳ ಫೋನು ಬಂತು. ಮಾತಿಲ್ಲ, ಬರೀ ಅಳು. "ಅಮ್ಮ" ಎಂದಳು. ಮತ್ತೆ "ಅಮ್ಮ" ಎಂದಳು. ಅಳು ಬಂದಾಗ ಅವಳು ನನಗೆ ಫೋನು ಮಾಡಿದ್ದು ಅದೇ ಮೊದಲು. ಏನಾಯಿತೆಂದು ಕೇಳುವ ಮೊದಲೇ, ಅಂತೂ ನನಗೇ ಮಾಡಿದಳಲ್ಲ ಎಂದು ನನ್ನ ಎದೆ ಉಬ್ಬಿತ್ತು. ಆಮೇಲೆ ಅವಳು ವಿಷಯ ಹೇಳಿದಳು. ಬಾಯಮ್ಮ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋಗಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಅವಳು ನನಗೆ ಫೋನು ಮಾಡಿದ್ದು, ಯಾವಾಗಲೂ ಮಾಡುತ್ತಿದ್ದ ಕಡೆ ಎತ್ತುವವರು ಇಲ್ಲದ್ದರಿಂದ.

ನಾವು ಈಗಲೂ ಸನದ್‌ನಲ್ಲೇ ಇದ್ದೇವೆ. ಶಾಲೆಗೆ ಹೋಗುವವರು ಯಾರೂ ಇಲ್ಲ. ಕೆಳಗಿನ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಅವರ ಪರಿಚಯ ಮಾಡಿಕೊಳ್ಳಲು ನನಗೆ ಮನಸ್ಸಾಗಿಲ್ಲ. ಮಗಳ ಫೋನು ದಿನಾ ಬರುತ್ತದೆ. ಜ್ವರ, ಜಗಳ, ಪರೀಕ್ಷೆ, ಎಲ್ಲ ಮೊದಲು ನನಗೇ. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದನ್ನೇ.

ನಿನ್ನೆ ರಿಸಲ್ಟು ಬಂತು, ಅವಳ ಒಂದು ಪೇಪರು ಹೋಯಿತು. ಹೇಳಿ ಅತ್ತಳು. ನಾನು ಇಂಟರ್ನಲ್ಸು, ರೀವ್ಯಾಲ್ಯುವೇಶನ್ನು ಎಂದು ಏನೇನೋ ಹೇಳುತ್ತಿದ್ದೆ. ಅವಳು ನಡುವೆ ತಡೆದು, "ಬಾಯಮ್ಮ ಇದ್ದಿದ್ರೆ ಎಂತ ಹೇಳ್ತಿದ್ರು ಅಮ್ಮ?" ಎಂದು ಕೇಳಿದಳು.

ನನಗೆ ಯೋಚಿಸಬೇಕಾಗಲಿಲ್ಲ. "ಮೊದಲು ಊಟ ಮಾಡು ಮಾರಾಯ್ತಿ, ಅಳುದು ಆಮೇಲೆ" ಎಂದೆ, ಅವರದೇ ರಾಗದಲ್ಲಿ. ಆ ಕಡೆ ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವಳ ಊಟ ಮುಗಿಯುವವರೆಗೂ ನಾವಿಬ್ಬರೂ ಫೋನು ಇಡಲಿಲ್ಲ.