ಅಕ್ಕನ ಕನಸಿಗೆ ಹೂಂ ಅನ್ನೋದು

ಮಧ್ಯಾಹ್ನ ಊಟಾ ಆಗಿ ಕಮರಿಪ್ಯಾಟಿ ಓಣಿ ತೂಕಡಸೋ ಹೊತ್ತಿನ್ಯಾಗ ನಮ್ಮ ಅಕ್ಕ ತನ್ನ ಹಳ್ಳಿ ಮುಗದದಿಂದ ಫೋನ್ ಮಾಡಾಕಿ. ಆಕಿ ಕಣ್ಣ ಹೋಗಿ ಭಾಳ ವರ್ಷ ಆದುವು. ಎಚ್ಚರ ಇದ್ದಾಗ ಏನೂ ಕಾಣಂಗಿಲ್ಲ, ಕನಸಿನ್ಯಾಗ ಮಾತ್ರ ಎಲ್ಲಾ ಕಾಣತೈತಿ. ಹಿಂಗಾಗಿ ಆಕಿ ಕನಸಂದ್ರ ನಮ್ಮ ನಿಮ್ಮ ಕನಸಿನಂಗಲ್ಲ, ಆಕಿ ಕಣ್ಣಾರೆ ನೋಡಿ ಬಂದ ಊರು. ಆ ಊರಿನ ಸುದ್ದಿ ಆಕಿ ಹೇಳಾಕಿ, ನಾ ಮಂಚದ ಮ್ಯಾಲೆ ಅಡ್ಡಾಗಿ ಕಣ್ಣು ಮುಚ್ಚಿ "ಹೂಂ... ಹೂಂ" ಅನ್ನಾಕಿ. ಒಮ್ಮೊಮ್ಮೆ ನಿದ್ದಿ ಹತ್ತತಿತ್ತು. ಹೂಂ ನಿಂತ ಕೂಡ್ಲೆ ಅಕ್ಕ ಒದರಾಕಿ, "ಸತ್ತೇನ?"

"ಇಲ್ಲವಾ, ನಿನ್ನ ಕನಸಿನ್ಯಾಗ ಸೊಲ್ಪ ಅಡ್ಡಾಡಿ ಬಂದೆ" ಅಂತಿದ್ದೆ.

ಹ್ವಾದ ವರ್ಷ ನನ್ನ ಗಂಟಲಾಗ ಗಂಟು ಬಂದು, ಡಾಕ್ಟರು ದನಿಪೆಟ್ಟಿಗಿನ ತಗದುಬಿಟ್ರು. ಈಗ ಉಸಿರು ಕುತ್ತಿಗ್ಯಾಗಿನ ತೂತಿನಿಂದ ಆಡತೈತಿ. ನಗ್ತೇನಿ, ಸಪ್ಪಳಿಲ್ಲ. ಸೊಸಿನ್ನ ಬೈತೇನಿ, ಬರೇ ತುಟಿ ಹಾರತಾವು. ಆಕಿಗೆ ಅದೊಂದು ಸುಖಾ ಆಗೇತಿ. ಹೂಂ ಅನ್ನಾಕೂ ಗಂಟಲ ಬೇಕು ಅನ್ನೋದು ನನಗ ಅವಾಗ ತಿಳೀತು.

ಕಣ್ಣಿಲ್ಲದ ಅಕ್ಕಗ ಬರದು ಕಳಿಸಿದ್ರ ಏನ್ ಉಪಯೋಗ? ದನಿ ಇಲ್ಲದ ನಾ ಫೋನ್ ಎತ್ತಿದ್ರ ಏನ್ ಉಪಯೋಗ? ಅಕ್ಕನ ಸೊಸಿ ನನ್ನ ಸೊಸಿಗೆ ಫೋನ್ ಮಾಡಿ ಹೇಳಿದ್ಲು, "ನಮ್ಮತ್ತಿ ಯಾರ ಮುಂದೂ ಕನಸ ಹೇಳವಲ್ರು. ಎದ್ದು ಸುಮ್ನ ಗ್ವಾಡಿ ಕಡೆ ಮುಖಾ ಮಾಡಿ ಕುಂಡ್ರತಾರ." ಅದನ್ನ ಕೇಳಿ ನನಗ ಸಂಕಟಾತು. ಹೇಳದ ಕನಸು ಎಷ್ಟೊತ್ತು ಇರತೈತಿ? ಆಕಿಗೆ ಇರೋದು ಅದೊಂದ ಊರು.

ನನ್ನ ಸೊಸಿ ನನ್ನ ಫೋನಿನ್ಯಾಗ ಒಂದು ಹಿಕಮತ್ತು ಹಾಕಿಕೊಟ್ಲು. ನಾ ಟೈಪ್ ಮಾಡಿದ್ದನ್ನ ಅದು ಓದಿ ಹೇಳತೈತಿ. ಅಕ್ಕಿಯಾಗಿನ ಹರಳು ಆರಿಸಿದಂಗ ಒಂದೊಂದ ಅಕ್ಷರಾ ಹುಡುಕಿ ಒತ್ತೋದು ಕಲಿತೆ. ದನಿ ಮಾತ್ರ ಯಾರೋ ಒಬ್ಬ ಹುಡುಗೀದು. ಇಸ್ತ್ರಿ ಮಾಡಿದ ಸೀರಿ ಉಟ್ಟು ಬ್ಯಾಂಕಿನ್ಯಾಗ ಕುಂತಾಕಿ ಮಾತಾಡಿದಂಗ. ಮೊದಲು ಸೊಸಿ ಮ್ಯಾಲೆ ಪರೀಕ್ಷಾ ಮಾಡಿದೆ. "ಸಾರಿಗೆ ಉಪ್ಪು ಹಾಕೂದು ಮರತೀಯೇನ, ಮಳ್ಳಿ?" ಅಂತ ಒತ್ತಿದ್ರ, ಆ ಹುಡುಗಿ ಎಷ್ಟು ಮರ್ಯಾದಿಲೆ ಅಂದ್ಲು ಅಂದ್ರ, ಸೊಸಿ "ತಪ್ಪಾತ್ರಿ ಮೇಡಂ" ಅಂದು ಬಿದ್ದು ಬಿದ್ದು ನಕ್ಕಳು.

ಸೊಸಿ ಫೋನಿನಿಂದ ಅಕ್ಕಗ ಹಚ್ಚಿ, ಸ್ಪೀಕರ್ ಹಾಕಿ, ತಲಿದಿಂಬಿನ ಮ್ಯಾಲೆ ಅದರ ಮಗ್ಗಲಕ ನನ್ನ ಫೋನ್ ಇಟ್ಟೆ.

"ಅಕ್ಕಾ, ನಾನು" ಅಂದ್ಲು ಹುಡುಗಿ.

"ನಮಗ ಸಾಲಾ ಗೀಲಾ ಏನೂ ಬ್ಯಾಡವಾ" ಅಂತ ಅಕ್ಕ ಕಟ್ ಮಾಡಿದ್ಲು.

ಮರುದಿನಾ ಆಕಿ ಸೊಸಿ ಎಲ್ಲಾ ತಿಳಿಸಿ ಹೇಳಿ ಫೋನ್ ಕೊಟ್ಲು. ಅಕ್ಕ ನಂಬಿದ್ಲು, ಆದ್ರ ಬಾಯಿ ಬಿಡವಲ್ಲಳು. ಆರಾಮ ಅದೀಯೇನ, ಊಟಾ ಆತೇನ, ಬರೇ ಇಷ್ಟ, ಬೀಗರ ಕೂಡ ಮಾತಾಡಿದಂಗ.

"ಕನಸ ಹೇಳ" ಅಂತ ಒತ್ತಿದೆ.

"ಹೆಂಗ ಹೇಳ್ಲೆ? ನಡುವ ಆ ಹುಡುಗಿ ಕುಂತಾಳಲ್ಲಾ. ಪರರ ಮುಂದ ಕನಸ ಬಿಚ್ಚಾಕ ನಾಚಿಕಿ ಬರತೈತಿ. ಆಕಿನ್ನ ಹೊರಗ ಕಳಸು."

ಸೊಲ್ಪ ವಿಚಾರಾ ಮಾಡಿ ಒತ್ತಿದೆ. "ಆಕಿ ನೀರು ತರಾಕ ಹ್ವಾದ್ಲು. ಬಾಗಲಾ ಹಾಕೇನಿ. ಈಗ ನಾವಿಬ್ಬರ." ಇದನ್ನೂ ಆ ಹುಡುಗೀನ ಹೇಳಿದ್ಲು, ಅದ ಬ್ಯಾಂಕಿನ ದನೀಲೆ.

ಅತ್ತಾಗ ಅಕ್ಕ ಖೊಕ್ ಅಂತ ನಕ್ಕಳು. "ಏ ಹಲ್ಕಟ್ಟ, ನೀನ ಅದಿ!"

ಕನಸ ಹೇಳಾಕ ಸುರು ಮಾಡಿದ್ಲು. ನಾ ಹೂಂ ಅಂತ ಒತ್ತೋದ್ರಾಗ ಆಕಿ ಕನಸಿನ ಮುಂದಿನ ಓಣಿಗೆ ಹೋಗಿರಾಕಿ. ಹಿಂಗಾಗಿ ಸೊಸಿ ಫೋನಿನ ಮ್ಯಾಲೆ ಉಗುರಿಲೆ ಬಡದೆ, ಟಕ್.

"ಅದೇನ?"

"ಹೂಂ" ಅಂದ್ಲು ಹುಡುಗಿ.

"ಹಂಗಾದ್ರ ಆಕಿನ್ನ ಬಿಡು, ನೀನ ಬಡಿ."

ಫ್ಯಾನು ಸಾವಕಾಶ ತಿರಗಾಕತ್ತಿತ್ತು. ಅಕ್ಕ ಹೇಳಾಕತ್ತಿದ್ಲು. "ಮುಗದದ ಕೆರಿ ತುಂಬೇತಿ. ನೀರಿನ ಮ್ಯಾಲೆ ಅವ್ವ ಬಿಳೇ ಧೋತರ ಹಾಸಿ ಶಾವಿಗಿ ಒಣಗಸಾಕತ್ತಾಳ. ಧೋತರ ತೊಯ್ಯವಲ್ದು. ಶಾವಿಗಿ ಎಳಿ ಎಳಿಯಾಗಿ ಗಾಳ್ಯಾಗ ಏಳತಾವು." ಟಕ್. "ನೀ ದಂಡಿ ಮ್ಯಾಲೆ ನಿಂತು ಕಾಗಿ ಓಡಸಾಕತ್ತಿ. ಏನ್ ಒದರತೀಯವಾ!"

ನನ್ನ ಉಗುರು ನಿಂತತು.

ನನ್ನ ದನಿ ಹೆಂಗಿತ್ತು ಅನ್ನೋದು ನನಗ ಮರಿಯಾಕತ್ತೈತಿ. ನೆನಪ ಮಾಡ್ಕೋಬೇಕಂದ್ರ ಕಿವ್ಯಾಗ ಆ ಹುಡುಗೀದ ಕೇಳತೈತಿ. ಯಾರ ಮುಂದೂ ಹೇಳಿರಲಿಲ್ಲ. ಒತ್ತಿದೆ, "ಯಾರ ದನೀಲೆ ಒದರತಿದ್ದೆ?"

"ನಿಂದ. ಮತ್ಯಾರದು?"

"ಹೆಂಗಿತ್ತು?"

ಸಣ್ಣಾಕಿ ಇದ್ದಾಗಿಂದ ನನ್ನ ಅಣಕಸೋದ್ರಾಗ ಅಕ್ಕಂದು ಎತ್ತಿದ ಕೈ. ಗಂಟಲಾ ಎಳದು, ಮೂಗಿನ್ಯಾಗ ಒಂದೀಟು ತಿರುವಿ ಒದರಿದ್ಲು, "ಹುಶ್ಶ್ಯಾ! ನಿಮ್ಮ ಬಾಯಾಗ ಮಣ್ಣ ಬೀಳ್ಲಿ, ಹಾರ್ರೋ!"

ತಲಿದಿಂಬಿನ ಮ್ಯಾಲೆ ನಾನ ಒದರಾಕತ್ತಿದ್ದೆ. ಒಡಕ ದನಿ, ಬಿರುಸು, ಖರೇನ ನಂದ. ಅಡಗಿಮನ್ಯಾಗಿದ್ದ ಸೊಸಿ ಸೌಟು ಹಿಡಕೊಂಡ ಓಡಿ ಬಂದು ನನ್ನ ಬಾಯಿ ನೋಡಿದ್ಲು. ಬಾಯಿ ಮುಚ್ಚೇ ಇತ್ತು. ಕಣ್ಣಾಗಷ್ಟ ನೀರು.

"ಇನ್ನೊಮ್ಮೆ ಬೇಕೇನ?" ಅಂದ್ಲು ಅಕ್ಕ.

ಬಡದೆ. ಆಕಿ ಮತ್ತ ಒದರಿದ್ಲು. ನಾ ಕಣ್ಣು ಮುಚ್ಚಿ ಕೆರಿ ದಂಡಿ ಮ್ಯಾಲೆ ನಿಂತು ಕೇಳಿದೆ.